ದೀಡ ಪಂಡಿತರ ಗುಂಟೆ ಲೆಕ್ಕ

ಎಸ್ಸೆಸ್ಸೆಲ್ಸಿ ರಿಸಲ್ಟು ಬಂದ ವಾರ ಬೈಲಹೊಂಗಲದ ಚಹಾ ಅಂಗಡಿಗಳಲ್ಲಿ ಶಿಕ್ಷಣ ತಜ್ಞರ ಬೆಳೆ ಹುಲುಸಾಗಿ ಬರುತ್ತದೆ. ಮಳೆ ಬೇಡ, ಗೊಬ್ಬರ ಬೇಡ, ಅರ್ಧ ಕಪ್ ಚಹಾ ಇದ್ದರೆ ಸಾಕು. ಯಾರದೋ ಮಗ ಎಲ್ಲದರಲ್ಲೂ ಪಾಸಾಗಿ ಗಣಿತದಲ್ಲಿ ಮಾತ್ರ ಡುಮ್ಕಿ ಹೊಡೆದಿರುತ್ತಾನೆ. ಹುಡುಗನ ಅಪ್ಪ ಬಾಯಿ ತೆಗೆಯುವ ಮೊದಲೇ ಬೆಂಚಿನ ತುದಿಗೆ ಕುಳಿತವರೊಬ್ಬರು ತೀರ್ಪು ಕೊಟ್ಟುಬಿಡುತ್ತಾರೆ:

"ಅಲ್ರೀ, ಆ ಎ ಪ್ಲಸ್ ಬಿ ಹೋಲ್ ಸ್ಕ್ವೇರ್ ನಮಗ ಯಾವ ಸಂತ್ಯಾಗ ಉಪಯೋಗ ಬಿದ್ದೈತ್ರಿ? ಇಷ್ಟು ವಯಸ್ಸಾತು, ಒಂದ ಸಲಾನೂ ಎಕ್ಸ್ ಕಂಡು ಹಿಡದಿಲ್ಲ. ಹಿಡದಿದ್ರೂ ತಗೊಂಡು ಏನ್ ಮಾಡಾಂವ ಇದ್ದೆ?"

ಬೆಂಚು ಪೂರ್ತಿ ಹೌದ್ಹೌದು ಅನ್ನುತ್ತದೆ. ಇನ್ನೊಬ್ಬರು ಮುಂದುವರಿಸುತ್ತಾರೆ: "ಜೀವನದ ಲೆಕ್ಕ ಕಲಸ್ರಿ ಸರ. ಹೊಲದ ಅಳತಿ, ಬಡ್ಡಿ, ತೂಕ. ಮುಗೀತು. ಆ ಸೈನ್ ಕಾಸ್ ಎಲ್ಲಾ ಇಸ್ರೋದವ್ರು ನೋಡ್ಕೋತಾರ."

ಇಂಥವರಿಗೆ ನಮ್ಮ ಕಡೆ ದೀಡ ಪಂಡಿತರು ಎಂಬ ಬಿರುದುಂಟು. ಪೂರ್ತಿ ಒಬ್ಬ ಪಂಡಿತ, ಮೇಲೆ ಅರ್ಧ. ಬಿರುದು ಕೊಟ್ಟ ಊರಿನವರೇ ಅವರ ಮಾತಿಗೆ ತಲೆದೂಗುವುದು ಬೇರೆ ಮಾತು. ನಾನೂ ಈಗ ಅವರ ಮಾತಿಗೆ ಅಡ್ಡ ಬರುವುದಿಲ್ಲ. ಹೊಲದ ಅಳತೆ, ಬಡ್ಡಿ, ತೂಕ ಅಂದರಲ್ಲ, ಅಷ್ಟೇ ಕಲಿಸೋಣ. ಒಂದಕ್ಷರ ಹೆಚ್ಚಿಗೆ ಬೇಡ. ಮೊದಲು ಹೊಲಕ್ಕೇ ಹೋಗೋಣ ಬರ್ರಿ.

ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ. 40 ಗುಂಟೆಗೆ ಒಂದು ಎಕರೆ. ಇದನ್ನು ಉತಾರ ಓದಲು ಬರುವ ಯಾರೂ ಹೇಳುತ್ತಾರೆ. ಈಗ ಗುಂಟೆಗೆ ಎಷ್ಟು ಚದರಡಿ ಎಂದು ಮೊಬೈಲ್ ತೆಗೆಯದೆ ಹೇಳಬೇಕು. 33ರ ಮಗ್ಗಿ ಬಾಯಿಪಾಠ ಇದ್ದವರು ಕೈ ಎತ್ತಲಿ. ಯಾರೂ ಇಲ್ಲ. ಹಾಗಾದರೆ 33ನ್ನು 30 ಮತ್ತು 3 ಎಂದು ಒಡೆಯಿರಿ. 30ರ ವರ್ಗ 900, 3ರ ವರ್ಗ 9, ಒಟ್ಟು 909. ಡುಮ್ಕಿ ಹೊಡೆದ ನಮ್ಮ ಹುಡುಗ ಪೇಪರಿನಲ್ಲಿ ಬರೆದು ಬಂದದ್ದೂ ಇದೇ ಜಾತಿಯ ಉತ್ತರ: ಎ ವರ್ಗ ಪ್ಲಸ್ ಬಿ ವರ್ಗ. ನಡುವೆ ಇರಬೇಕಾದ ಎರಡು ಎಬಿ ಎಲ್ಲಿ ಹೋಯಿತೆಂದು ಮಾಸ್ತರು ಕೆಂಪು ಪೆನ್ನಿನಲ್ಲಿ ಕೇಳಿರುತ್ತಾರೆ. 30 ಅಡಿ ಚೌಕದ ತುಂಡಿನ ಎರಡು ಬದಿಗೆ ಮೂರು ಮೂರು ಅಡಿ ಅಗಲದ ಪಟ್ಟಿ ಸೇರಿಸಿ ನೋಡಿರಿ. ಆ ಎರಡು ಪಟ್ಟಿಗಳೇ ಎರಡು ಎಬಿ, 180 ಚದರಡಿ. ಮೂಲೆಯ ತುಣುಕು ಬಿ ವರ್ಗ, 9. ಎಲ್ಲ ಕೂಡಿದರೆ 1089. ಗುಂಟೆಗೆ 1089 ಚದರಡಿ ಎಂದು ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು ಕುಳಿತ ಬಾಂಡ್ ರೈಟರಿಗೂ ಗೊತ್ತು.

ಆ ಎರಡು ಪಟ್ಟಿ ಮರೆತವನಿಗೆ ಎಷ್ಟು ಹಾನಿ? ಗುಂಟೆಗೆ 180, ಎಕರೆಗೆ 7,200 ಚದರಡಿ. ಅಂದರೆ ಮೂವತ್ತು-ನಲವತ್ತರ ಸರಿಯಾಗಿ ಆರು ಸೈಟು! ಒಂದು ಗೇಣು ಬದುವಿಗಾಗಿ ಅಣ್ಣ-ತಮ್ಮ ಹತ್ತು ವರ್ಷ ಕೋರ್ಟು ಹತ್ತುವ ಸೀಮೆ ನಮ್ಮದು. ವಕೀಲರ ಮಕ್ಕಳೆಲ್ಲ ಅದರ ಮೇಲೆ ಓದಿ ಮುಗಿಸಿದ್ದಾರೆ. ಅಂಥ ಸೀಮೆಯಲ್ಲಿ ನಿಂತುಕೊಂಡು, ಎಕರೆಗೆ ಆರು ಸೈಟು ನುಂಗುವ ತಪ್ಪನ್ನು "ಅದೇನ್ ದೊಡ್ಡ ವಿಷಯ, ಪಾಸ್ ಮಾಡಿ ಕಳಸ್ರಿ" ಎನ್ನುವ ಔದಾರ್ಯ ನಮ್ಮ ಪಂಡಿತರಿಗೆ ಎಲ್ಲಿಂದ ಬಂತೋ ತಿಳಿಯದು.

ಸರಿ, ಇದು ಚೌಕದ ಮಾತಾಯಿತು. ಆದರೆ ದೇವರು ಮಲಪ್ರಭೆಯ ದಂಡೆಗೆ ಚೌಕದ ಹೊಲ ಎಷ್ಟು ಕೊಟ್ಟಿದ್ದಾನೆ? ಹೊಳೆ ಹೇಗೆ ಹೊರಳಿದೆಯೋ ಹೊಲವೂ ಹಾಗೆ ಹೊರಳಿದೆ. ಸೊಟ್ಟ ಹೊಲವನ್ನು ಅಳೆಯಲು ಊರಿನಲ್ಲಿ ಒಂದು ಹಳೆಯ ರೂಢಿ ಇದೆ: ಎದುರುಬದುರಿನ ಎರಡು ಬದಿ ಕೂಡಿಸಿ ಅರ್ಧ ಮಾಡು, ಉಳಿದೆರಡನ್ನೂ ಹಾಗೇ ಮಾಡು, ಎರಡನ್ನೂ ಗುಣಿಸು. ಸುಲಭ, ಜಗಳವಿಲ್ಲ, ಚಹಾ ಆರುವುದರೊಳಗೆ ಮುಗಿಯುತ್ತದೆ. ಆದರೆ ನಾಲ್ಕೂ ಬದಿ ನೂರು ನೂರು ಅಡಿ ಇದ್ದು, ಮೂಲೆ ಮಾತ್ರ ವಾಲಿ 60 ಡಿಗ್ರಿಗೆ ಬಂದಿದೆ ಎನ್ನಿ. ರೂಢಿಯ ಲೆಕ್ಕ 10,000 ಚದರಡಿ ಎನ್ನುತ್ತದೆ. ಮಣ್ಣು ಇರುವುದು 8,660 ಚದರಡಿ. ಉಳಿದ 1,340 ಚದರಡಿ ಗಾಳಿ. ಒಂದು ಗುಂಟೆಗಿಂತ ಹೆಚ್ಚು ಗಾಳಿಗೆ ನೀವು ಹೊಲದ ದರ ಕೊಟ್ಟು, ಅದರ ಮೇಲೆ ಮುದ್ರಾಂಕ ಶುಲ್ಕವನ್ನೂ ಕಟ್ಟಿದಿರಿ. ಈ ಪದ್ಧತಿ ಯಾವ ಸೊಟ್ಟ ಹೊಲಕ್ಕೂ ಕಡಿಮೆ ಹೇಳುವುದಿಲ್ಲ, ಯಾವಾಗಲೂ ಹೆಚ್ಚೇ ಹೇಳುತ್ತದೆ. ಹೀಗಾಗಿ ಮಾರುವವರಿಗೆ ಅದರ ಮೇಲೆ ಭಾಳ ಪ್ರೀತಿ. ಆ 8,660 ಎಲ್ಲಿಂದ ಬಂತು ಅಂದಿರಾ? ಸೈನ್ 60. ಇಸ್ರೋದವರು ನೋಡಿಕೊಳ್ಳುತ್ತಾರೆ ಎಂದು ಬಿಟ್ಟಿದ್ದೆವಲ್ಲ, ಅದೇ.

ಇಲ್ಲಿ ಒಂದು ಹಳೆಯ ಸಂಗತಿ ಹೇಳಲೇಬೇಕು. ಸುಮಾರು ಕ್ರಿ.ಶ. 850ರಲ್ಲಿ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ. ಆ ಸೊಟ್ಟ ಹೊಲದ ರೂಢಿ ಲೆಕ್ಕ ಅದರಲ್ಲಿದೆ. ಆದರೆ ಆತ ಕ್ಷೇತ್ರಗಣಿತವನ್ನು ಎರಡು ಪಾತ್ರೆಯಲ್ಲಿ ಬಡಿಸಿದ್ದಾನೆ: ಒಂದು ವ್ಯಾವಹಾರಿಕ, ಅಂದರೆ ಕೆಲಸ ಸಾಗಲಿಕ್ಕೆ ಸಾಕಾಗುವ ಅಂದಾಜು, ಇನ್ನೊಂದು ಸೂಕ್ಷ್ಮ, ಅಂದರೆ ಕರಾರುವಾಕ್ಕು. ವೃತ್ತದ ಸುತ್ತಳತೆಗೆ ವ್ಯಾಸದ ಮೂರು ಪಟ್ಟು ಸಾಕು ಎಂದು ವ್ಯವಹಾರಕ್ಕೆ ಹೇಳಿ, ಸೂಕ್ಷ್ಮಕ್ಕೆ ಹತ್ತರ ವರ್ಗಮೂಲ ಹಿಡಿಯಿರಿ ಎಂದ. ಒಬ್ಬನೇ ಗುರು, ಒಂದೇ ಪುಸ್ತಕ, ಒಂದೇ ಅಧ್ಯಾಯ, ಎರಡೂ ಲೆಕ್ಕ. 'ಇದು ರೈತರ ಮಕ್ಕಳಿಗೆ, ಇದು ಅರಮನೆಯ ಮಕ್ಕಳಿಗೆ' ಎಂದು ಪುಸ್ತಕ ಹರಿದು ಎರಡು ಮಾಡಲಿಲ್ಲ. ಕಾಮಶಾಸ್ತ್ರದಿಂದ ಹಿಡಿದು ವೈದ್ಯ, ವಾಸ್ತು, ಸಂಗೀತ, ಅಡಿಗೆಯವರೆಗೆ ಎಲ್ಲೆಲ್ಲಿ ಗಣಿತ ಬೇಕು ಎಂಬ ಪಟ್ಟಿಯನ್ನು ಆರಂಭದಲ್ಲೇ ಕೊಟ್ಟು, ಬೆಂಚಿನ ತುದಿಯವರ ಪ್ರಶ್ನೆಗೆ ಸಾವಿರದ ಚಿಲ್ಲರೆ ವರ್ಷ ಮುಂಚೆಯೇ ಉತ್ತರ ಹೇಳಿಟ್ಟಿದ್ದಾನೆ. ಮುಂದೆ 12ನೆಯ ಶತಮಾನದಲ್ಲಿ ಹೊಯ್ಸಳರ ಕಾಲದ ರಾಜಾದಿತ್ಯ ಗಣಿತವನ್ನು ಕನ್ನಡಕ್ಕೇ ತಂದ. 'ವ್ಯವಹಾರಗಣಿತ' ಬರೆದವನೂ ಅವನೇ, 'ಕ್ಷೇತ್ರಗಣಿತ', 'ಲೀಲಾವತಿ' ಬರೆದವನೂ ಅವನೇ. ಸವದತ್ತಿಯಲ್ಲಿ ಆಳಿದ ರಟ್ಟರ ಶಾಸನಗಳಲ್ಲಿ ಗುಡಿಗೆ ಬಿಟ್ಟ ಭೂಮಿಯನ್ನು ಮತ್ತರುಗಳಲ್ಲಿ ಎಣಿಸಿ ಕಲ್ಲಿಗೆ ಕೆತ್ತಿಸಿದ್ದಾರೆ. ಕಲ್ಲಿನ ಮೇಲೆ ಒಮ್ಮೆ ಕೆತ್ತಿದರೆ ತಿದ್ದುಪಡಿ ಅರ್ಜಿ ಹಾಕುವಂತಿಲ್ಲ. ಅಳೆದವನಿಗೆ ಎಷ್ಟು ಭಯ ಇದ್ದಿರಬೇಕು!

ಈಗ ಬಡ್ಡಿಗೆ ಬರೋಣ. ಇದರಲ್ಲಿ ನಮ್ಮ ಹಿರಿಯರನ್ನು ಮೀರಿಸಿದವರಿಲ್ಲ ಎಂದು ಪಂಡಿತರ ನಂಬಿಕೆ. ರಾಮದುರ್ಗದ ನನ್ನ ಸೋದರಮಾವನ ನಂಬಿಕೆಯೂ ಅದೇ. "ತಮ್ಮಾ, ನಮ್ಮ ಕಾಲದ ಮುಲ್ಕಿ ಪಾಸಾದವ್ರು ಸವ್ವಾ, ದೀಡ, ಅಡೀಚಿನ ಮಗ್ಗಿ ಒಂದ ಉಸಿರಿನಾಗ ಹೇಳತಿದ್ರು. ನಿಮ್ಮ ಇಂಜಿನಿಯರ್ ಹುಡುಗ್ರು ದೀಡ ಕಿಲೋ ಬ್ಯಾಳಿಗೆ ಕ್ಯಾಲ್ಕುಲೇಟರ್ ಹುಡಕತಾವ" ಎನ್ನುತ್ತಾನೆ. ಮಾತು ಸುಳ್ಳಲ್ಲ. ಹದಿನೇಳೂ ಕಾಲು ಕಿಲೋ ಹತ್ತಿಯ ದರವನ್ನು ತಕ್ಕಡಿ ನಿಲ್ಲುವ ಮೊದಲೇ ಹೇಳುವ ಅಡತಿ ಅಂಗಡಿಯ ಗುಮಾಸ್ತರನ್ನು ಬೈಲಹೊಂಗಲದ ಪೇಟೆಯಲ್ಲಿ ನಾನೂ ಕಂಡಿದ್ದೇನೆ, ಬೆರಗಾಗಿದ್ದೇನೆ.

"ಹಂಗಾರ ಮಾಮಾ, ಅಷ್ಟು ಮಗ್ಗಿ ಬರತಿದ್ದವ್ರ ಹೊಲ ಎಲ್ಲಾ ಸಾವ್ಕಾರ್ರ ಮನಿಗೆ ಹೆಂಗ್ ಹೋದುವು?" ಎಂದು ಕೇಳಿದರೆ ಮಾವ ಎಲೆಗೆ ಸುಣ್ಣ ಹಚ್ಚಲು ಶುರುಮಾಡುತ್ತಾನೆ.

ಹೋದದ್ದು ಹೀಗೆ. 'ನೂರಕ್ಕ ಎರಡು' ಬಡ್ಡಿ, ತಿಂಗಳಿಗೆ. ಮಗ್ಗಿಯ ಲೆಕ್ಕದಲ್ಲಿ ಒಂದು ಲಕ್ಷ ಎರಡು ಲಕ್ಷವಾಗಲು 50 ತಿಂಗಳು ಬೇಕು. ನಾಲ್ಕು ವರ್ಷದ ಮೇಲಾಯಿತು, ಅಷ್ಟರೊಳಗೆ ಎರಡು ಒಳ್ಳೆಯ ಬೆಳೆ ಬಂದಾವು, ತೀರಿಸಿಯೇವು. ಆದರೆ ಬಡ್ಡಿ ಕಟ್ಟದೆ ಉಳಿದ ತಿಂಗಳು ಬಡ್ಡಿಗೂ ಬಡ್ಡಿ ಹತ್ತಿತು. ಆಗ ಲಕ್ಷ ಎರಡು ಲಕ್ಷವಾಗುವುದು 35 ತಿಂಗಳಿಗೆ. ಐದು ವರ್ಷ ಬಿಟ್ಟರೆ ಸರಳಬಡ್ಡಿಯಲ್ಲಿ 2,20,000 ಆಗಬೇಕಾದ್ದು ಚಕ್ರಬಡ್ಡಿಯಲ್ಲಿ 3,28,000 ದಾಟುತ್ತದೆ. ಸವ್ವಾ-ದೀಡಿನ ಮಗ್ಗಿ ಇಲ್ಲಿ ಕೈಕೊಡುತ್ತದೆ. ಅದು ಒಂದು ಸಲ ಗುಣಿಸುವುದನ್ನು ಕಲಿಸುತ್ತದೆ. ಗುಣಿಸಿದ್ದನ್ನೇ ಗುಣಿಸಿ, ಮತ್ತೆ ಅದನ್ನೇ ಗುಣಿಸಿದರೆ ಏನಾಗುತ್ತದೆ ಎಂಬುದು ಘಾತಾಂಕದ ಪಾಠ. ಒಂದು ಕಳ್ಳದಾರಿ ಇದೆ: 72ನ್ನು ಬಡ್ಡಿ ದರದಿಂದ ಭಾಗಿಸಿದರೆ ದುಪ್ಪಟ್ಟಾಗುವ ಅವಧಿ ಹೆಚ್ಚುಕಡಿಮೆ ಸಿಗುತ್ತದೆ. 72 ಭಾಗಿಲೆ ಎರಡು, 36. ತಿಂಗಳೊಂದರ ಅಂತರದಲ್ಲಿ ಸರಿ. ಆ 72 ಲಾಗರಿದಮ್ಮಿನ ಮನೆಯಿಂದ ಬಂದದ್ದು ಎಂದು ಬೆಂಚಿನವರಿಗೆ ಹೇಳಬೇಡಿ, ಗಾಬರಿಯಾದಾರು.

ಸಾವ್ಕಾರರ ಕಾಲ ಹೋಯಿತು, ಈಗ ಎಲ್ಲ ಕಾಗದ-ಪತ್ರದ ಮೇಲೆ ಎನ್ನುವಿರಾ? ಹೋದಮ್ಮೆ ನಮ್ಮ ಓಣಿಯ ಸ್ತ್ರೀಶಕ್ತಿ ಸಂಘದ ಹೆಣ್ಣುಮಕ್ಕಳ ಮುಂದೆ ಒಬ್ಬ ಸಾಲದ ಏಜೆಂಟ್ ಬಂದು ಕುಳಿತಿದ್ದ. ಇನ್‌ಶರ್ಟ್, ಟ್ಯಾಬು, ನಗೆ.

"ಅಕ್ಕಾರ, ವರ್ಷಕ್ಕ ಬರೇ ಹನ್ನೆರಡು ಪರ್ಸೆಂಟ್ ರೀ. ಐವತ್ತು ಸಾವಿರ ತಗೋರಿ, ಎರಡು ವರ್ಷಕ್ಕ ಹನ್ನೆರಡು ಸಾವಿರ ಬಡ್ಡಿ. ತಿಂಗಳಿಗೆ 2,583. ಬಾಯಿಲೆಕ್ಕದಾಗ ಮುಗೀತು ನೋಡ್ರಿ."

ಎಲ್ಲರೂ ಸಹಿಗೆ ಪೆನ್ನು ಹುಡುಕುತ್ತಿದ್ದಾಗ, ರೊಟ್ಟಿ ವ್ಯಾಪಾರ ಮಾಡುವ ಒಬ್ಬಾಕೆ ಕೇಳಿದಳು: "ತಮ್ಮಾ, ಒಂದು ವರ್ಷ ಕಟ್ಟಿದ ಮ್ಯಾಲ ಅರ್ಧ ಸಾಲ ಮುಟ್ಟಿರತೈತಿ ಅಲ್ಲ? ಎರಡನೇ ವರ್ಷ ಪೂರ್ತಿ ಐವತ್ತು ಸಾವಿರಕ್ಕ ಯಾಕ ಬಡ್ಡಿ ಹಿಡದಿ?"

ಏಜೆಂಟನ ನಗೆ ಟ್ಯಾಬಿನೊಳಗೆ ಹೋಯಿತು. ಈಕೆ ಶಾಲೆ ಬಿಟ್ಟದ್ದು ನಾಲ್ಕನೆಯತ್ತೆಗೆ. ನೋಡ್ರಿ, ಶಾಲೆ ಇಲ್ಲದೆಯೂ ಬುದ್ಧಿ ಇದೆ ಎಂದು ಪಂಡಿತರು ಹಿಗ್ಗಬಹುದು. ಇದೆ, ಖಂಡಿತ ಇದೆ. ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ. "ಅದು ಕಂಪ್ಯೂಟರ್ ಹಂಗ ಹಿಡಿತೈತ್ರಿ ಅಕ್ಕಾರ" ಎಂದು ಆತ ಅಂದ. ಅನ್ಯಾಯ ಇದೆ ಎಂದು ಆಕೆಗೆ ಗೊತ್ತಿತ್ತು, ಅನ್ಯಾಯ ಎಷ್ಟು ಎಂದು ಹೇಳಲು ಬರಲಿಲ್ಲ. ಬಾಕಿ ಕರಗಿದಂತೆ ಬಡ್ಡಿಯೂ ಕರಗುವ ಬ್ಯಾಂಕಿನ ಪದ್ಧತಿಗೆ ತಂದರೆ, ಆ ಹನ್ನೆರಡು ಅನ್ನುವುದು ವರ್ಷಕ್ಕೆ ಸುಮಾರು ಇಪ್ಪತ್ತೊಂದೂವರೆ ಆಗುತ್ತದೆ. ಇದನ್ನು ಕಂಡುಹಿಡಿಯಲು ದರವನ್ನು ಎಕ್ಸ್ ಎಂದು ಇಟ್ಟುಕೊಂಡು 24 ಕಂತುಗಳ ಶ್ರೇಢಿ ಬಿಡಿಸಬೇಕು. ಜೀವಮಾನದಲ್ಲಿ ಒಮ್ಮೆಯೂ ಎಕ್ಸ್ ಹುಡುಕದವರ ಪರವಾಗಿ ಅದನ್ನು ಬೇರೆಯವರು ಹುಡುಕಿ, ತಮ್ಮ ಜೇಬಿನಲ್ಲಿ ಇಟ್ಟುಕೊಂಡಿರುತ್ತಾರೆ. ಸಾಲ ವಸೂಲಿಯ ಕಿರುಕುಳ ತಡೆಯಲು 2025ರಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಮನೆ ಮುಂದೆ ಗಲಾಟೆ ಮಾಡಿದರೆ ಕಾನೂನು ಹಿಡಿಯುತ್ತದೆ. ನಗುನಗುತ್ತ ಹನ್ನೆರಡು ಎಂದು ಇಪ್ಪತ್ತೊಂದೂವರೆ ಹೇಳಿದವನನ್ನು ಹಿಡಿಯುವ ಕೆಲಸ ಸಂಘದ ಅಕ್ಕಂದಿರದೇ.

ತೂಕ ಉಳಿಯಿತು. ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಸಹಕಾರಿ ಸಕ್ಕರೆ ಕಾರ್ಖಾನೆಯ ದಾರಿಯಲ್ಲಿ ಹಂಗಾಮಿನಲ್ಲಿ ಒಮ್ಮೆ ಹೋಗಿ ಬನ್ನಿ. ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನಲ್ಲಿ ನಿಂತ ಯಾವ ರೈತನ ಬಾಯಲ್ಲೂ ಎರಡು ಮಾತು: ಕಾಟಾ ಮತ್ತು ರಿಕವರಿ. ಕಾಟಾ ಸರಿ ಇದ್ದರೆ ತೂಕ ಸರಿ, ಅದು ಕಣ್ಣಿಗೆ ಕಾಣುತ್ತದೆ. ರಿಕವರಿ ಕಾಣುವುದಿಲ್ಲ. ಕೇಂದ್ರ ಸರ್ಕಾರ 2025-26ರ ಹಂಗಾಮಿಗೆ ನಿಗದಿ ಮಾಡಿದ ಕಬ್ಬಿನ ಕನಿಷ್ಠ ದರ, ಅಂದರೆ ಎಫ್‌ಆರ್‌ಪಿ ಕ್ವಿಂಟಲಿಗೆ 355 ರೂಪಾಯಿ, ಅದು ಶೇ 10.25 ರಿಕವರಿಗೆ. ಅಂದರೆ ಟನ್ ಕಬ್ಬಿಗೆ 102.5 ಕಿಲೋ ಸಕ್ಕರೆ ಬಂದರೆ 3,550 ರೂಪಾಯಿ. ರಿಕವರಿ ಶೇ 0.1 ಏರಿದಂತೆ ಕ್ವಿಂಟಲಿಗೆ 3.46 ರೂಪಾಯಿ ಹೆಚ್ಚು. ಶೇ 11.25 ಬಂದರೆ ಟನ್ನಿಗೆ 3,896. ಇದರಲ್ಲಿ ಕಟಾವು ಮತ್ತು ಸಾಗಣೆಯ ಖರ್ಚು ಮುರಿದು ಉಳಿದದ್ದು ರೈತನ ಕೈಗೆ.

ಇದನ್ನು ಒಂದು ಸಾಲಿನಲ್ಲಿ ಬರೆಯಿರಿ. ಒಂದು ನಿಂತ ಸಂಖ್ಯೆ, ಅದಕ್ಕೆ ರಿಕವರಿ ಏರಿದಷ್ಟು ಸಲ ಇನ್ನೊಂದು ಸಂಖ್ಯೆ. ಹತ್ತನೆಯ ತರಗತಿ ದಾಟಿದವರು ಇದನ್ನು ವೈ ಈಕ್ವಲ್ ಟು ಎಂಎಕ್ಸ್ ಪ್ಲಸ್ ಸಿ ಎನ್ನುತ್ತಾರೆ, ಸರಳರೇಖೆಯ ಸಮೀಕರಣ. ಕಾರ್ಖಾನೆಯವರು ಎಕ್ಸ್ ಅಳೆಯುತ್ತಾರೆ, ಸರ್ಕಾರ ಎಂ ಹೇಳುತ್ತದೆ, ಸಿ ಎಷ್ಟಿರಬೇಕು ಎಂಬುದಕ್ಕೆ ರಸ್ತೆ ಬಂದ್ ಆಗುತ್ತದೆ. 2025ರ ನವೆಂಬರಿನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ನಿಗೆ 3,500 ಕೊಡಿರಿ ಎಂದು ದಿನಗಟ್ಟಲೆ ಕುಳಿತರು. ಮಾತುಕತೆ ನಡೆದು 3,300ಕ್ಕೆ ಬಂದು ನಿಂತಿತು. ಆ ಹೋರಾಟಕ್ಕೆ ನನ್ನ ನಮಸ್ಕಾರ. ಆದರೆ ರಿಕವರಿಯಲ್ಲಿ ಅರ್ಧ ಪರ್ಸೆಂಟ್ ಹಿಂದೆ ಮುಂದೆ ಆದರೆ ಟನ್ನಿಗೆ 173 ರೂಪಾಯಿ. 40 ಟನ್ ಕಳಿಸಿದವನಿಗೆ 6,920. ಅದಕ್ಕಾಗಿ ಯಾವ ಕ್ರಾಸಿನಲ್ಲಿ ಕುಳಿತುಕೊಳ್ಳಬೇಕು?

ಪಂಡಿತರು ಹೇಳಿದ ಮೂರೂ ಮುಗಿಯಿತು, ಆದರೆ ನನ್ನ ನಾಲಿಗೆ ಇನ್ನೂ ಆಡುತ್ತಿದೆ. ಸವದತ್ತಿಯ ನವಿಲುತೀರ್ಥ ಜಲಾಶಯದಲ್ಲಿ 37.73 ಟಿಎಂಸಿ ನೀರು ಹಿಡಿಯುತ್ತದೆ. ಮಳೆಗಾಲದಲ್ಲಿ ರಾಮದುರ್ಗದವರು ಬೆಳಗೆದ್ದು ದೇವರ ಮುಖಕ್ಕಿಂತ ಮೊದಲು ನೋಡುವುದು ಎಷ್ಟು ಕ್ಯೂಸೆಕ್ ಬಿಟ್ಟರು ಎಂಬುದನ್ನು. 2019ರ ಆಗಸ್ಟಿನಲ್ಲಿ ಊರೊಳಗೆ ಹೊಳೆ ಹೊಕ್ಕ ಮೇಲಂತೂ ಕ್ಯೂಸೆಕ್ಕು ಮನೆಮಾತಾಗಿದೆ. ಒಂದು ದಿನಪೂರ್ತಿ 11,574 ಕ್ಯೂಸೆಕ್ ಹರಿದರೆ ಒಂದು ಟಿಎಂಸಿ. ಇದು ಗುಣಾಕಾರ, ಯಾರಿಗೂ ಬರುತ್ತದೆ. ಆದರೆ ಊರ ಮುಂದಿನ ಬಾಂದಾರದ ಮೇಲೆ ನಿನ್ನೆ ಒಂದು ಅಡಿ ನೀರು ಹಾಯುತ್ತಿತ್ತು, ಇವತ್ತು ಎರಡು ಅಡಿ ಎಂದುಕೊಳ್ಳಿ. ಹರಿವು ಎಷ್ಟು ಪಟ್ಟಾಯಿತು? ಎರಡು ಪಟ್ಟು ಎಂದು ಎಲ್ಲರೂ ಹೇಳುತ್ತಾರೆ. ಬಾಂದಾರದ ಮೇಲೆ ಹಾಯುವ ನೀರು ಎತ್ತರದ ದೀಡ ಘಾತದಲ್ಲಿ ಏರುತ್ತದೆ. ಹೌದ್ರೀ, ದೀಡ! ಎರಡರ ದೀಡ ಘಾತ ಅಂದರೆ 2.83, ಹೆಚ್ಚುಕಡಿಮೆ ಮೂರು ಪಟ್ಟು. ಎತ್ತು ಬಿಚ್ಚಿ ಗುಡ್ಡಕ್ಕೆ ಹೊಡೆಯಬೇಕೋ ಬೇಡವೋ ಎಂದು ಯೋಚಿಸುವವನಿಗೆ ಎರಡಕ್ಕೂ ಮೂರಕ್ಕೂ ವ್ಯತ್ಯಾಸವಿದೆ. ದೀಡ ಪಂಡಿತರನ್ನು ಯಾಕೆ ಇಟ್ಟುಕೊಳ್ಳಬೇಕು ಎಂಬುದಕ್ಕೆ ನನಗೆ ಸಿಕ್ಕ ಒಂದೇ ಸಮರ್ಥನೆ ಇದು.

ಇಷ್ಟು ಹೇಳಿದ ಮೇಲೆ ಶಾಲೆಯ ಪಕ್ಷದವರು ಹಿಗ್ಗಿ ಹೀರೇಕಾಯಿ ಆಗಬೇಕಿಲ್ಲ. ಅವರದೂ ಹುಳುಕಿದೆ. 'ಅಸರ್' ಸಮೀಕ್ಷೆಯವರು 2023ರಲ್ಲಿ ದೇಶದ ಹಳ್ಳಿಗಳ 14ರಿಂದ 18 ವರ್ಷದ ಮಕ್ಕಳ ಕೈಗೆ ಅಳತೆಪಟ್ಟಿಯ ಚಿತ್ರ ಕೊಟ್ಟು, ಅದರ ಮೇಲಿದ್ದ ವಸ್ತುವಿನ ಉದ್ದ ಕೇಳಿದರು. ವಸ್ತು ಸೊನ್ನೆಯಿಂದ ಶುರುವಾದಾಗ ನೂರಕ್ಕೆ 85 ಮಕ್ಕಳು ಸರಿಯಾಗಿ ಹೇಳಿದರು. ಸ್ವಲ್ಪ ಮುಂದೆ ಸರಿಸಿ ಇಟ್ಟರೆ ಸರಿ ಹೇಳಿದವರು 39! ಟೇಪಿನ ಮೊದಲ ಇಂಚು ಸವೆದುಹೋಗಿ, ದಿನಾ ಒಂದರಿಂದ ಅಳತೆ ಶುರುಮಾಡಿ ಕೊನೆಗೆ ಒಂದು ಕಳೆಯುವ ನಮ್ಮ ಕಿತ್ತೂರಿನ ಟೇಲರಿಗೆ ಇದನ್ನು ಹೇಳಿದರೆ ಆತ ಸೂಜಿ ನುಂಗಿಯಾನು. ಪ್ರಮೇಯ ಬಾಯಿಪಾಠ, ಪಟ್ಟಿ ಓದಲು ಬಾರದು. ಗೌಂಡಿ ದಾರ ಹಿಡಿದು ಮೂರು, ನಾಲ್ಕು, ಐದು ಅಡಿ ಅಳೆದು ಮನೆಯ ಮೂಲೆ ಮಟ್ಟಮಾಡುವುದನ್ನು ದಿನಾ ನೋಡುವ ಹುಡುಗ, ಅದೇ ಪೈಥಾಗೊರಸನ ಪ್ರಮೇಯ ಎಂದು ಯಾರೂ ಹೇಳದ್ದರಿಂದ, ಪರೀಕ್ಷೆಯಲ್ಲಿ ಆ ಪ್ರಮೇಯಕ್ಕೆ ಬೆದರುತ್ತಾನೆ.

ಹೀಗಾಗಿ ಎರಡು ಗಣಿತ ಮಾಡೋಣ ಎಂದು ಸಿಬಿಎಸ್‌ಇಯವರು 2020ರ ಪರೀಕ್ಷೆಯಿಂದ ಹತ್ತನೆಯ ತರಗತಿಗೆ ಬೇಸಿಕ್, ಸ್ಟ್ಯಾಂಡರ್ಡ್ ಎಂದು ಎರಡು ಪೇಪರ್ ತಂದರು. ಪಾಠ ಒಂದೇ, ಪೇಪರ್ ಎರಡು. ನಮ್ಮ ರಾಜ್ಯ ಇನ್ನೂ ಸುಲಭದ ದಾರಿ ಹಿಡಿಯಿತು: 2025-26ರಿಂದ ಎಸ್ಸೆಸ್ಸೆಲ್ಸಿ ಪಾಸಿನ ಗೆರೆಯನ್ನು ಶೇ 35ರಿಂದ 33ಕ್ಕೆ ಇಳಿಸಿತು. 33 ಎಂದರೆ ಗುಂಟೆಯ ಒಂದು ಬದಿ. ಇಲಾಖೆಗೆ ಅಷ್ಟಾದರೂ ಹೊಲದ ನೆನಪಿದೆ ಎಂದು ಸಮಾಧಾನಪಡೋಣ. ಅಮೆರಿಕದಲ್ಲಿ ಆಂಡ್ರ್ಯೂ ಹ್ಯಾಕರ್ ಎಂಬ ಪ್ರಾಧ್ಯಾಪಕರು 2012ರಲ್ಲಿ ಬೀಜಗಣಿತ ಎಲ್ಲರಿಗೂ ಯಾಕೆ ಎಂದು ಬರೆದು ದೊಡ್ಡ ವಾದ ಎಬ್ಬಿಸಿದರು. ಇಂಗ್ಲೆಂಡಿನಲ್ಲಿ ರಿಷಿ ಸುನಕ್ ಪ್ರಧಾನಿಯಾಗಿದ್ದಾಗ 2023ರಲ್ಲಿ ಹದಿನೆಂಟರವರೆಗೆ ಎಲ್ಲರೂ ಗಣಿತ ಓದಲಿ ಎಂದರು. ಬೆಂಚು ಎಲ್ಲ ದೇಶದಲ್ಲೂ ಇದೆ.

ನನ್ನ ತಕರಾರು ಬೆಂಚಿನ ಒಂದೇ ಒಂದು ಚಾಳಿಗೆ. 'ಜೀವನದ ಲೆಕ್ಕ ಸಾಕು' ಎಂದು ಗಟ್ಟಿಯಾಗಿ ಹೇಳುವವರನ್ನು ಸುಮ್ಮನೆ ಕೇಳಿರಿ: "ಯಜಮಾನ್ರ, ನಿಮ್ಮ ಮಗ ಈಗ ಎಲ್ಲದಾನ್ರಿ?" ಉತ್ತರ ಬರುತ್ತದೆ: "ಧಾರವಾಡದಾಗ ಇಟ್ಟೀನ್ರಿ. ಪಿಸಿಎಂಬಿ. ಸಿಇಟಿ ಕೋಚಿಂಗೂ ಹಚ್ಚೀನಿ, ಗಣಿತ ಸ್ವಲ್ಪ ವೀಕ್ ಅದಾನ ಅಂತ ಟ್ಯೂಷನ್ ಬ್ಯಾರೆ." ಸಾಕು ಎಂದದ್ದು ಮಂದಿಯ ಮಕ್ಕಳಿಗೆ! ಕಬ್ಬು ಕಡಿಯುವವನ ಮಗನಿಗೆ, ರೊಟ್ಟಿ ಮಾರುವಾಕೆಯ ಮಗಳಿಗೆ ಬಡ್ಡಿ, ತೂಕ ಸಾಕು. ಎಕ್ಸ್ ಹುಡುಕುವ ಕೆಲಸ ಧಾರವಾಡಕ್ಕೆ ಹೋದವರಿಗೆ ಮೀಸಲು. ಆಮೇಲೆ ಆ ಧಾರವಾಡದವನೇ ಇನ್‌ಶರ್ಟ್ ಹಾಕಿಕೊಂಡು, ಟ್ಯಾಬು ಹಿಡಿದುಕೊಂಡು ಈಕೆಯ ಮನೆಗೆ ಬರುತ್ತಾನೆ. ಕಿತ್ತೂರಿನಲ್ಲಿ ರಾಣಿ ಚನ್ನಮ್ಮನ ಹೆಸರಿನಲ್ಲಿ 1969ರಿಂದ ಹೆಣ್ಣುಮಕ್ಕಳ ವಸತಿ ಸೈನಿಕ ಶಾಲೆ ಇದೆ. ಅಲ್ಲಿನ ಹುಡುಗಿಯರಿಗೆ ಯಾರೂ 'ಅವ್ವಾ, ನಿನಗ ಮಗ್ಗಿ ಸಾಕು' ಅನ್ನುವುದಿಲ್ಲ. ಮಗ್ಗಲು ಹಳ್ಳಿಯ ಕನ್ನಡ ಶಾಲೆಯ ಹುಡುಗಿಗೆ ಮಾತ್ರ ಯಾಕೆ ಅನ್ನಬೇಕು?

ನನ್ನನ್ನು ಕೇಳಿದರೆ ಪಠ್ಯದಿಂದ ಬೀಜಗಣಿತವನ್ನಾಗಲಿ ತ್ರಿಕೋನಮಿತಿಯನ್ನಾಗಲಿ ಒಂದು ಪುಟವೂ ತೆಗೆಯಬಾರದು. ಪ್ರಶ್ನೆಗಳನ್ನು ಮಾತ್ರ ಬದಲಿಸಿ. ದೀಪಸ್ತಂಭದ ನೆರಳು, ಹಡಗಿನಿಂದ ಕಾಣುವ ಲೈಟ್‌ಹೌಸು ಸಾಕು. ಸವದತ್ತಿಯ ಮಕ್ಕಳು ಹಡಗನ್ನು ಎಲ್ಲಿ ಹುಡುಕಬೇಕು? ಸೊಟ್ಟ ಹೊಲ ಕೊಡಿ, ಬಾಂದಾರ ಕೊಡಿ, ಸಂಘದ ಪಾಸ್‌ಬುಕ್ಕು ಕೊಡಿ. ಯಲ್ಲಮ್ಮನಗುಡ್ಡಕ್ಕೆ ಹುಣ್ಣಿಮೆಯ ದಿನ ಶೂನ್ಯ ಟಿಕೆಟ್ ಹಿಡಿದು ಬರುವ ಹೆಣ್ಣುಮಕ್ಕಳ ಸಂಖ್ಯೆಯಿಂದ ಸಾರಿಗೆ ಸಂಸ್ಥೆಗೆ ಸರ್ಕಾರ ಎಷ್ಟು ಕೊಡಬೇಕೆಂದು ಕೇಳಿ. ಸೊನ್ನೆಗೆ ಎಷ್ಟು ಬೆಲೆ ಎಂದು ಮಕ್ಕಳಿಗೂ ಗೊತ್ತಾಗಲಿ. ಹಾಗೆ ಕೇಳಲು ಮೊದಲು ಪೇಪರ್ ತೆಗೆಯುವವರು ಹೊಲಕ್ಕೆ ಇಳಿಯಬೇಕು, ಅದೊಂದು ತೊಡಕು.

ಅಲ್ಲಿಯವರೆಗೆ ಕಬ್ಬು ಬೆಳೆದ ಓದುಗರಿಗೆ ಒಂದು ಮನೆಗೆಲಸ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಮುಟ್ಟಿಸಿದ 14 ದಿನದೊಳಗೆ ಕಾರ್ಖಾನೆ ಹಣ ಕೊಡಬೇಕು. ತಡಮಾಡಿದ ದಿನಗಳಿಗೆ ವರ್ಷಕ್ಕೆ ಶೇ 15ರಂತೆ ಬಡ್ಡಿ ಸೇರಿಸಿ ಕೊಡಬೇಕು. 40 ಟನ್ನಿಗೆ 3,300ರಂತೆ 1,32,000 ರೂಪಾಯಿ ಬರಬೇಕಾದ್ದು ಆ ಗಡುವಿನ ಮೇಲೆ 60 ದಿನ ತಡವಾಗಿದ್ದರೆ ಬಡ್ಡಿಯೇ ಸುಮಾರು 3,255 ರೂಪಾಯಿ. ನಿಮ್ಮ ಮನೆಯ ಜಂತಿಗೆ ಸಿಕ್ಕಿಸಿಟ್ಟ ಹೋದ ಹಂಗಾಮಿನ ತೂಕದ ಚೀಟಿ, ಬ್ಯಾಂಕಿನ ಪಾಸ್‌ಬುಕ್ಕು ಎರಡನ್ನೂ ಇಳಿಸಿ ಹತ್ತನೆಯ ತರಗತಿಯ ಮಗಳ ಕೈಗೆ ಕೊಡಿರಿ. ಉತ್ತರ ಬಂದ ಮೇಲೆ ಅದನ್ನು ಅರ್ಜಿಯ ಮೇಲೆ ಬರೆದು, ಕಾರ್ಖಾನೆಗೆ ಕೊಟ್ಟು, ಸ್ವೀಕೃತಿ ತೆಗೆದುಕೊಳ್ಳಿರಿ.